ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ: ಅರಿವು ಅಳಿದ ಮೇಲೆ

ಪ್ರಶ್ನೆ: ಮೇಡಂ, ದೇವರನ್ನೂ ನಂಬಲ್ಲ, ಸತ್ತ ಮೇಲೆ ಇನ್ನೊಂದು ಬದುಕಿದೆ ಅಂತಲೂ ನಂಬಲ್ಲ ಎಂದು ಕಳೆದ ಸಂಚಿಕೆಯಲ್ಲಿ ಒಂದೇ ಸಾಲು ಬರೆದು ಮುಗಿಸಿದಿರಿ. 30 ವರ್ಷ ಆಪರೇಷನ್ ಥಿಯೇಟರಿನಲ್ಲಿ ಸಾವನ್ನು ಅಷ್ಟು ಹತ್ತಿರದಿಂದ ಕಂಡವರಿಗೆ ನಂಬಿಕೆ ಜಾಸ್ತಿ ಆಗಬೇಕಲ್ವಾ?

ಉತ್ತರ: ನನ್ನ ನಂಬಿಕೆ ಹೋದದ್ದೇ ಆ ಥಿಯೇಟರಿನಲ್ಲಿ. ನಾನು ಅನಸ್ತೇಷಿಯಾ ಡಾಕ್ಟರ್. ನಮ್ಮ ಕೆಲಸಕ್ಕೆ ಕನ್ನಡದಲ್ಲಿ ಅರಿವಳಿಕೆ ಅಂತಾರೆ. ಅರಿವು ಅಳಿಯುವುದು. ಎಷ್ಟು ಸರಿಯಾದ ಮಾತು ನೋಡಿ!

ಪ್ರೊಪೊಫಾಲ್ ಅಂತ ಒಂದು ಔಷಧಿ ಇದೆ. ಹಾಲಿನಷ್ಟು ಬೆಳ್ಳಗಿರುತ್ತದೆ. ಅದನ್ನು ಕೈಯ ರಕ್ತನಾಳಕ್ಕೆ ಬಿಡುತ್ತಾ ರೋಗಿಯನ್ನು ಮಾತಾಡಿಸುತ್ತಿರುತ್ತೇನೆ. ಮಕ್ಕಳೆಷ್ಟು, ಏನು ಓದುತ್ತಿದ್ದಾರೆ, ಹೀಗೆ. ಅವರು ಹೇಳುತ್ತಾ ಹೇಳುತ್ತಾ ಮಾತು ಅರ್ಧಕ್ಕೇ ನಿಲ್ಲುತ್ತದೆ. ಆಮೇಲೆ ಬೆರಳ ತುದಿಯಿಂದ ಕಣ್ಣಿನ ರೆಪ್ಪೆಗೂದಲನ್ನು ಮೆಲ್ಲಗೆ ಸವರಿ ನೋಡುತ್ತೇನೆ. ರೆಪ್ಪೆ ಅಲುಗಲಿಲ್ಲ ಅಂದರೆ ಅರಿವು ಹೋಗಿದೆ ಅಂತ. ಇಷ್ಟಕ್ಕೆಲ್ಲ ಒಂದು ನಿಮಿಷವೂ ಬೇಡ.

ಮೂರು ತಾಸಿನ ನಂತರ ಕಣ್ಣು ಬಿಟ್ಟವರು ಕೇಳುವುದು ಏನು ಗೊತ್ತಾ? "ಇನ್ನೂ ಶುರು ಮಾಡಿಲ್ವಾ ಡಾಕ್ಟ್ರೇ?" ರಾತ್ರಿ ನಿದ್ದೆ ಮಾಡಿ ಎದ್ದವರಿಗೆ ಹೊತ್ತು ಕಳೆದಿದ್ದು ಅಂದಾಜಾಗುತ್ತದೆ. ಇವರಿಗೆ ಅದೂ ಇಲ್ಲ. ಕೆಲವರು ಕನಸು ಬಿತ್ತು ಅಂತಾರೆ, ನಿಜ. ಉಳಿದವರ ಪಾಲಿಗೆ ಆ ಮೂರು ತಾಸು ಇರಲೇ ಇಲ್ಲ.

ಆ ಹೊತ್ತಿನಲ್ಲಿ ಮೆದುಳು ಸತ್ತಿರಲಿಲ್ಲ ಅನ್ನುವುದನ್ನು ಗಮನಿಸಿ. ರಕ್ತ ಓಡಾಡುತ್ತಿತ್ತು, ನರಕೋಶಗಳೆಲ್ಲ ಜೀವಂತವಾಗಿದ್ದವು. ಅವು ಒಂದಕ್ಕೊಂದು ಮಾತಾಡುವುದನ್ನು ನಾನು ತಗ್ಗಿಸಿದ್ದೆ, ಅಷ್ಟೇ. ಅಷ್ಟಕ್ಕೇ "ನಾನು" ಅನ್ನುವುದು ಆರಿಹೋಗುತ್ತದೆ. ಹಾಗಿರುವಾಗ ಮೆದುಳೇ ಇಲ್ಲವಾದ ಮೇಲೆ ಅದು ಎಲ್ಲಿ ಉರಿಯುತ್ತಿರಬೇಕು? ನೂರಾರು ಸಲ ಈ ಪ್ರಶ್ನೆ ಇಟ್ಟುಕೊಂಡು ಮನೆಗೆ ಹೋಗಿದ್ದೇನೆ. ಬೇರೆ ಉತ್ತರ ಸಿಗಲಿಲ್ಲ.

1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ಮಾರ್ಟನ್ ಎಂಬ ದಂತವೈದ್ಯ ಜನರ ಮುಂದೆಯೇ ಒಬ್ಬ ರೋಗಿಗೆ ಈಥರ್ ಕೊಟ್ಟ. ಅವನ ಕತ್ತಿನ ಗಡ್ಡೆಗೆ ಆಪರೇಷನ್ ಆಯಿತು. ಅರಿವನ್ನು ಹೀಗೆ ಆರಿಸುವುದು ಅಲ್ಲಿಂದ ಎಲ್ಲ ಕಡೆ ಹಬ್ಬಿತು. ಆದರೆ ವಿಚಾರ ಅದಕ್ಕಿಂತ ಎಷ್ಟೋ ಹಳೆಯದು. ಹುದುಗು ಬಂದಾಗ ಅಮಲು ಹುಟ್ಟುವ ಹಾಗೆ ಮಣ್ಣು, ನೀರು, ಬೆಂಕಿ, ಗಾಳಿ ಕೂಡಿದಾಗ ಅರಿವು ಹುಟ್ಟುತ್ತದೆ, ಅವು ಬಿಡಿಬಿಡಿಯಾದಾಗ ಅಳಿಯುತ್ತದೆ ಎಂದು ಚಾರ್ವಾಕರು ಹೇಳುತ್ತಿದ್ದರು. ಅವರ ಈ ಮಾತು ನಮಗೆ ಸಿಗುವುದೂ ಅವರನ್ನು ಖಂಡಿಸಿದವರ ಬರಹದಲ್ಲೇ. ಮೆದುಳಿನ ಒಳಗೆ ಇಣುಕಲು ಯಾವ ದಾರಿಯೂ ಇಲ್ಲದ ಕಾಲದಲ್ಲಿ ಇಷ್ಟು ದೂರ ಯೋಚಿಸಿದ್ದರಲ್ಲ ಅಂತ ನನಗೆ ಅವರ ಮೇಲೆ ತುಂಬ ಪ್ರೀತಿ.

ಪ್ರಶ್ನೆ: ಮೆದುಳು ಬರೀ ರೇಡಿಯೋ ಇದ್ದ ಹಾಗೆ, ಆತ್ಮ ಅದರಲ್ಲಿ ಬರುವ ಹಾಡು ಅಂತಾರೆ. ರೇಡಿಯೋ ಕೆಟ್ಟರೆ ಹಾಡು ಸತ್ತಂತೆ ಅಲ್ಲವಲ್ಲ?

ಉತ್ತರ: ಒಂದು ಕಾಲದಲ್ಲಿ ಈ ಮಾತು ನನಗೂ ಸಮಾಧಾನ ಕೊಟ್ಟಿತ್ತು. ಆಮೇಲೆ ಅಮ್ಮನಿಗೆ ಮರೆವಿನ ಕಾಯಿಲೆ ಬಂತು.

ರೇಡಿಯೋ ಕೆಟ್ಟರೆ ಹಾಡು ಕರಕರ ಅನ್ನುತ್ತದೆ. ಆದರೆ ಹಾಡುವವರಿಗೆ ಹಾಡೇ ಮರೆತುಹೋಗುವುದಿಲ್ಲ. ಅಮ್ಮನಿಗೆ ನನ್ನ ಹೆಸರು ಮರೆಯಿತು, ಸರಿ. ಸ್ವಭಾವವೂ ಹೋಯಿತು. ಯಾರಿಗೂ ಏರುದನಿಯಲ್ಲಿ ಮಾತಾಡದ ಹೆಂಗಸು ನೋಡಿಕೊಳ್ಳುವ ಹುಡುಗಿಯ ಕೈ ಪರಚಿದಳು. ತಾನು ಪರಚಿದೆ ಅನ್ನುವ ನಾಚಿಕೆ ಕೂಡ ಆ ಮುಖದಲ್ಲಿ ಕಾಣಲಿಲ್ಲ. ಅದೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಅಳಿಸಿದ್ದು. ಪ್ರೀತಿ, ಸಂಕೋಚ, ತಾಳ್ಮೆ ಎಲ್ಲವೂ ಮೆದುಳಿನ ಜೊತೆಗೇ ಸವೆಯುತ್ತವೆ ಅನ್ನುವುದಾದರೆ ಆಚೆ ದಡಕ್ಕೆ ದಾಟಲು ಅಮ್ಮನಲ್ಲಿ ಏನು ಉಳಿದಿತ್ತು?

ದೇವರ ವಿಷಯವನ್ನೂ ಹೇಳಿಬಿಡುತ್ತೇನೆ. ಥಿಯೇಟರಿನ ಬಾಗಿಲ ಹೊರಗೆ ಪ್ರಾರ್ಥನೆ ಮಾಡದ ತಾಯಿಯನ್ನು ನಾನು ಕಂಡಿಲ್ಲ. ಮಗು ಉಳಿದರೆ ದೇವರು ಕೈ ಹಿಡಿದ ಅಂತಾರೆ. ಉಳಿಯದಿದ್ದರೆ ಹಣೆಬರಹ ಅಂತಾರೆ. ಏನೇ ಆದರೂ ತಪ್ಪಾಗದ ಮಾತನ್ನು ನಾನು ಹೇಗೆ ನಂಬಲಿ? ಇದನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ಅಮೆರಿಕದಲ್ಲಿ ಬೈಪಾಸ್ ಆದ 1,802 ಜನರ ಮೇಲೆ ನಡೆದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ತಮಗಾಗಿ ಪ್ರಾರ್ಥನೆ ನಡೆಯುತ್ತದೋ ಇಲ್ಲವೋ ಗೊತ್ತಿಲ್ಲದವರಲ್ಲಿ, ಪ್ರಾರ್ಥನೆ ನಡೆದವರ ಪೈಕಿ ನೂರಕ್ಕೆ 52 ಮಂದಿಗೆ ತೊಡಕು ಕಾಣಿಸಿತು, ನಡೆಯದವರ ಪೈಕಿ 51 ಮಂದಿಗೆ. ಖಂಡಿತ ಪ್ರಾರ್ಥಿಸುತ್ತಾರೆ ಅಂತ ಮೊದಲೇ ತಿಳಿದಿದ್ದವರಲ್ಲಿ 59. ದೇವರಿಲ್ಲ ಅಂತ ಒಂದು ಅಧ್ಯಯನ ಸಾಧಿಸಲಾರದು, ಒಪ್ಪುತ್ತೇನೆ. ಆದರೆ ನಾನು ಬಾಗಿಲ ಬಳಿ ಕಂಡದ್ದಕ್ಕೆ ಇದು ಹೊಂದುತ್ತದೆ.

ಪ್ರಶ್ನೆ: ನನ್ನ ಗಂಡ ತೀರಿಕೊಂಡು ನಾಲ್ಕು ತಿಂಗಳಾಯಿತು. ಆರು ವರ್ಷದ ಮಗನಿಗೆ "ಅಪ್ಪ ಮೇಲಿಂದ ನೋಡ್ತಿದಾರೆ" ಅಂತ ಎಲ್ಲರೂ ಹೇಳುತ್ತಾರೆ. ನನಗೆ ನಂಬಿಕೆ ಇಲ್ಲ. ಆದರೂ ಮಗುವಿಗೋಸ್ಕರ ಸುಮ್ನೆ ಹ್ಞೂಂ ಅನ್ನಲಾ?

ಉತ್ತರ: ತಂಗೀ, ನನ್ನಿಂದಾದ ಒಂದು ತಪ್ಪನ್ನು ಮೊದಲು ಹೇಳುತ್ತೇನೆ. ಸಣ್ಣ ಆಪರೇಷನ್ನಿಗೆ ಬಂದಿದ್ದ ಐದು ವರ್ಷದ ಹುಡುಗನಿಗೆ "ಈಗ ನಿದ್ದೆ ಮಾಡಿಸ್ತೀನಿ ಪುಟ್ಟಾ" ಅಂದೆ. ಅವನು ಕಿರುಚಿಕೊಂಡು ಅಮ್ಮನ ಸೆರಗು ಹಿಡಿದ. ಬಿಡಿಸಲು ಆಗಲಿಲ್ಲ. ಹಿಂದಿನ ತಿಂಗಳು ಅಜ್ಜಿ ಸತ್ತಾಗ ಮನೆಯವರು "ಅಜ್ಜಿ ನಿದ್ದೆ ಮಾಡ್ತಿದಾರೆ" ಅಂದಿದ್ದರಂತೆ. ಅವತ್ತು ಆಪರೇಷನ್ ಮುಂದಕ್ಕೆ ಹಾಕಿದೆವು.

ಅವತ್ತಿನಿಂದ ಮಕ್ಕಳ ಹತ್ತಿರ ಮಾತು ತಿರುಚುವುದನ್ನು ಬಿಟ್ಟೆ. ನೀವೂ ಮಗನಿಗೆ ನೇರವಾಗಿಯೇ ಹೇಳಿ. ಅಪ್ಪ ಸತ್ತುಹೋದರು, ಅವರ ದೇಹ ಕೆಲಸ ನಿಲ್ಲಿಸಿತು, ಅವರಿಗೆ ಈಗ ನೋವಿಲ್ಲ, ಹಸಿವಿಲ್ಲ, ವಾಪಸ್ ಬರಲ್ಲ. ನಿನ್ನಿಂದ ಏನೂ ತಪ್ಪಾಗಿಲ್ಲ. ಈ ಕೊನೆ ಮಾತು ಅವನು ಕೇಳದಿದ್ದರೂ ಹೇಳಿ, ತಾನು ಹಟ ಮಾಡಿದ್ದಕ್ಕೇ ಹೀಗಾಯಿತು ಅಂತ ಈ ವಯಸ್ಸಿನ ಮಕ್ಕಳು ಒಳಗೊಳಗೇ ಅಂದುಕೊಳ್ಳುತ್ತಾರೆ. ನೆಂಟರ ಜೊತೆ ವಾದ ಬೇಡ. "ಅವರಿಗೆ ಹಾಗನ್ನಿಸುತ್ತದೆ, ಅಮ್ಮನಿಗೆ ಹೀಗನ್ನಿಸುತ್ತದೆ" ಅಂದರೆ ಮಗು ಒಪ್ಪಿಕೊಳ್ಳುತ್ತದೆ.

ಒಂದೇ ಸಲಕ್ಕೆ ಮುಗಿಯಲ್ಲ. ನಾಳೆ ಮತ್ತೆ "ಅಪ್ಪ ಯಾವಾಗ ಬರ್ತಾರೆ?" ಅಂತ ಕೇಳುತ್ತಾನೆ. ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಅದೇ ಮಾತು ಹೇಳಿ. ಅಳು ಬಂದರೆ ಅವನ ಮುಂದೆಯೇ ಅಳಿ.