ವೇತನಸಹಿತ ಹೆರಿಗೆ ರಜೆಯ ವೆಚ್ಚವನ್ನು ಸರ್ಕಾರ ಭರಿಸಬೇಕೆ?
ಭಾಗಶಃವಾದರೂ ಭರಿಸಬೇಕು ಎಂಬುದು ನನ್ನ ಅಭಿಪ್ರಾಯ. ಭಾರತದಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಂದ 2017ರ ತಿದ್ದುಪಡಿಯು ಮೊದಲ ಎರಡು ಮಕ್ಕಳಿಗೆ ಸಿಗುವ ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತಾದರೂ, ಇಎಸ್‌ಐ (ಮಾಲೀಕರು ಮತ್ತು ನೌಕರರ ವಂತಿಗೆಯಿಂದ ನಡೆಯುವ ನೌಕರರ ರಾಜ್ಯ ವಿಮೆ) ವ್ಯಾಪ್ತಿಗೆ ಬರುವ, ಸಾಮಾನ್ಯವಾಗಿ ತಿಂಗಳಿಗೆ 21,000 ರೂಪಾಯಿವರೆಗೆ ದುಡಿಯುವ ನೌಕರರನ್ನು ಬಿಟ್ಟರೆ, ಖಾಸಗಿ ವಲಯದ ಉಳಿದವರ ರಜಾ ವೇತನದ ಪೂರ್ಣ ಹೊರೆಯನ್ನು ಮಾಲೀಕರ ಮೇಲೆಯೇ ಉಳಿಸಿತು. ಹತ್ತು ಹನ್ನೆರಡು ಜನರ ಸಣ್ಣ ಸಂಸ್ಥೆಯೊಂದು ಆರು ತಿಂಗಳ ರಜಾ ವೇತನವನ್ನೂ ಬದಲಿ ನೌಕರರ ಸಂಬಳವನ್ನೂ ಒಟ್ಟಿಗೆ ಕೊಡಬೇಕಾದಾಗ, ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹಿಂಜರಿಯುತ್ತದೆ; ಹಾಗೆಂದು ಯಾರೂ ಬರೆದುಕೊಡುವುದಿಲ್ಲ, ಅಷ್ಟೆ. ಇಎಸ್‌ಐ ಮಾದರಿಯ ವಂತಿಗೆಗೆ ಸರ್ಕಾರದ ಪಾಲನ್ನೂ ಸೇರಿಸಿ ನಿಧಿಯೊಂದನ್ನು ಕಟ್ಟಿದರೆ ಈ ಹಿಂಜರಿಕೆಗೆ ಕಾರಣ ಬಹುಮಟ್ಟಿಗೆ ಉಳಿಯದು. ಕೇಂದ್ರ ಸರ್ಕಾರದ ಪುರುಷ ನೌಕರರಿಗೆ 15 ದಿನಗಳ ಪಿತೃತ್ವ ರಜೆಯಿದ್ದು, ಖಾಸಗಿ ವಲಯದ ತಂದೆಯರಿಗೆ ಅಂಥ ಕಾನೂನುಬದ್ಧ ಹಕ್ಕೇ ಇಲ್ಲದಿರುವುದರಿಂದ, ನಿಧಿಯ ಹಣ ಮೊದಲು ಅವರಿಗೆ ಸಲ್ಲಲಿ. ತಾಯಿಯ ರಜೆಯನ್ನು ಇನ್ನಷ್ಟು ಹಿಗ್ಗಿಸುವುದು ಆಮೇಲಿನ ಮಾತು.