ಕಂಪ್ಯೂಟರ್ ಪ್ರಶ್ನೋತ್ತರ: ಕರಾವಳಿಯ ಸೆಕೆ, ಘಟ್ಟದ ಚಳಿ ಮತ್ತು ಓವರ್‌ಕ್ಲಾಕಿಂಗ್

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಓವರ್‌ಕ್ಲಾಕಿಂಗ್ ಬಗ್ಗೆಯೇ ಇವೆ. ಪ್ರೊಸೆಸರನ್ನು ಕಂಪನಿ ಗೊತ್ತು ಮಾಡಿದ ವೇಗಕ್ಕಿಂತ ಜಾಸ್ತಿ ಓಡಿಸುವುದಕ್ಕೆ ಹಾಗೆನ್ನುತ್ತಾರೆ. ಪ್ರಿಂಟರ್, ವೈಫೈ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ನಾನು ಯಕ್ಷಗಾನದ ಆಟಗಳನ್ನು ರೆಕಾರ್ಡ್ ಮಾಡಿ ಎಡಿಟ್ ಮಾಡುವವನು. ರೈಜೆನ್ 5 5600ಎಕ್ಸ್, ಬಿ550 ಬೋರ್ಡ್, 32 ಜಿಬಿ ರ‍್ಯಾಮ್. ಮೊದಲು ಎಲ್ಲ ಕೋರ್‌ಗಳನ್ನೂ 1.25 ವೋಲ್ಟ್‌ನಲ್ಲಿ 4.6 ಗಿಗಾಹರ್ಟ್ಸ್‌ಗೆ ಇಟ್ಟಿದ್ದೆ. ಡಿಸೆಂಬರ್‌ನಲ್ಲಿ 1.35 ವೋಲ್ಟ್ ಕೊಟ್ಟು 4.7ಕ್ಕೆ ಏರಿಸಿದೆ. ಸಿನೆಬೆಂಚ್ ಹತ್ತು ನಿಮಿಷ ಓಡಿಸಿದಾಗ ಏನೂ ತೊಂದರೆ ಇರಲಿಲ್ಲ. ಈಗ ಬೇಸಿಗೆಯಲ್ಲಿ ದೊಡ್ಡ ವಿಡಿಯೊ ಎಕ್ಸ್‌ಪೋರ್ಟ್ ಒಮ್ಮೊಮ್ಮೆ ಅರ್ಧಕ್ಕೇ ನಿಲ್ಲುತ್ತದೆ. ಒಂದರಲ್ಲಿ ಭಾಗವತರ ಮುಖದ ಮೇಲೆ ಹಸಿರು ಚೌಕಗಳು ಬಂದಿವೆ. ಸಾಫ್ಟ್‌ವೇರ್ ತೊಂದರೆಯಾ? (ಹೊನ್ನಾವರ)

ಉತ್ತರ: ಅಲ್ಲ ಅಂತ ನನಗೆ ಅನಿಸುತ್ತದೆ. ನಿಮ್ಮ ಪ್ರೊಸೆಸರ್ ಲೆಕ್ಕ ತಪ್ಪುತ್ತಿದೆ. ಇವತ್ತೇ ಬಯಾಸ್‌ಗೆ (ಯಂತ್ರ ಆನ್ ಆಗುವಾಗ ತೆರೆಯುವ, ಬೋರ್ಡ್‌ನ ಸೆಟ್ಟಿಂಗ್ ಪುಟ) ಹೋಗಿ ಎಲ್ಲವನ್ನೂ ಡೀಫಾಲ್ಟ್‌ಗೆ ತನ್ನಿ. ಆಮೇಲೆ ಒರಿಜಿನಲ್ ರೆಕಾರ್ಡಿಂಗ್‌ಗಳನ್ನು ಇನ್ನೊಂದು ಡಿಸ್ಕ್‌ಗೆ ಕಾಪಿ ಮಾಡಿ, ಆ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಡಿ. ಈ ಕ್ರಮ ಹಿಂದೆಮುಂದೆ ಆಗಬಾರದು. ಲೆಕ್ಕ ತಪ್ಪುವ ಯಂತ್ರದಲ್ಲಿ ಕಾಪಿ ಮಾಡಿದರೆ ಕಾಪಿಯೂ ಕೆಡಬಹುದು. ಎಕ್ಸ್‌ಪೋರ್ಟ್ ಹಾಳಾದರೆ ಇನ್ನೊಮ್ಮೆ ಮಾಡಿಕೊಳ್ಳಬಹುದು. ಆ ರಾತ್ರಿಯ ಆಟ ಮತ್ತೆ ಸಿಗುವುದಿಲ್ಲ.

ಡಿಸೆಂಬರ್‌ನಲ್ಲಿ ನಡೆದದ್ದು ಈಗ ಯಾಕೆ ನಡೆಯುತ್ತಿಲ್ಲ? ಕೂಲರ್ ಮಾಡುವುದು ಒಂದೇ ಕೆಲಸ, ಚಿಪ್‌ನ ಬಿಸಿಯನ್ನು ಕೋಣೆಯ ಗಾಳಿಗೆ ಬಿಡುವುದು. ಗಾಳಿಯೇ ಬಿಸಿ ಇದ್ದರೆ ಅಷ್ಟೂ ಡಿಗ್ರಿ ಚಿಪ್‌ನ ಲೆಕ್ಕಕ್ಕೆ ಸೇರುತ್ತದೆ. ಚಳಿಗಾಲದ ರಾತ್ರಿ ಕೋಣೆ 21 ಡಿಗ್ರಿ ಇದ್ದಾಗ ಚಿಪ್ 78 ತೋರಿಸಿತು ಅಂದುಕೊಳ್ಳಿ. ಏಪ್ರಿಲ್ ಮಧ್ಯಾಹ್ನ ಕೋಣೆ 34 ಆದಾಗ ಅದೇ ಕೆಲಸಕ್ಕೆ ಸುಮಾರು 91 ತೋರಿಸುತ್ತದೆ. 5600ಎಕ್ಸ್‌ಗೆ ಕಂಪನಿ ಇಟ್ಟ ಮಿತಿಯೇ 95. ಬಿಸಿಯಾದಷ್ಟೂ ಚಿಪ್ ಒಳಗಿನ ಟ್ರಾನ್ಸಿಸ್ಟರ್‌ಗಳು ನಿಧಾನವಾಗುತ್ತವೆ, ಅದೇ ವೇಗಕ್ಕೆ ಇನ್ನೂ ಜಾಸ್ತಿ ವೋಲ್ಟೇಜ್ ಕೇಳುತ್ತವೆ. ಡೀಫಾಲ್ಟ್‌ನಲ್ಲಿ ಇದ್ದಿದ್ದರೆ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತಿತ್ತು. ನೀವು 4.7ಕ್ಕೆ ಕಟ್ಟಿಹಾಕಿದ್ದರಿಂದ ಅದಕ್ಕೆ ಆ ದಾರಿ ಇಲ್ಲ. (ಸೆಕೆಯಲ್ಲಿ ಬೆವರು ಹರಿಯುವುದು ನಮಗೆ. ಚಿಪ್‌ಗೆ ಗಾಳಿಯ ತೇವ ಲೆಕ್ಕಕ್ಕಿಲ್ಲ, ಬಿಸಿ ಮಾತ್ರ ಲೆಕ್ಕ. ತೇವ ಕಾಡುವುದು ಬೋರ್ಡ್‌ಗೆ, ಅದು ಕೆಳಗೆ ಬರುತ್ತದೆ.)

ಸಿನೆಬೆಂಚ್ ಒಂದು ಚಿತ್ರ ಬಿಡಿಸಿ ಎಷ್ಟು ಬೇಗ ಆಯಿತು ಅಂತ ಅಂಕ ಕೊಡುತ್ತದೆ. ತಪ್ಪು ಹುಡುಕುವುದು ಅದರ ಕೆಲಸ ಅಲ್ಲ. ತಪ್ಪು ಹುಡುಕಲು ಬೇಕಾದದ್ದು ಪ್ರೈಮ್95. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಅವರು ಮೆರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು (2ರ ಘಾತದಿಂದ 1 ಕಳೆದಾಗ ಸಿಗುವಂಥವು) ಹುಡುಕಲು ಜಿಂಪ್ಸ್ ಅನ್ನುವ ಯೋಜನೆ ಶುರು ಮಾಡಿದರು. ಅದರ ಸಾಫ್ಟ್‌ವೇರ್ ಇದು. ಕೋಟ್ಯಂತರ ಅಂಕೆಗಳ ಗುಣಾಕಾರದಲ್ಲಿ ಒಂದು ಅಂಕೆ ತಪ್ಪಿದರೂ ವಾರಗಟ್ಟಲೆ ದುಡಿದದ್ದು ವ್ಯರ್ಥ. ಅದಕ್ಕೇ ಯಂತ್ರ ಸರಿ ಇದೆಯಾ ಅಂತ ನೋಡುವ ಟಾರ್ಚರ್ ಟೆಸ್ಟ್ ಅದರೊಳಗೇ ಇದೆ. ಪೂರ್ಣಾಂಕಗಳನ್ನು ಗುಣಿಸಿದರೆ ಉತ್ತರವೂ ಪೂರ್ಣಾಂಕವೇ ಆಗಬೇಕು, ಅಲ್ವಾ? ಅದು ಗುಣಿಸುವ ರೀತಿಯಲ್ಲಿ 7 ಬರಬೇಕಾದಲ್ಲಿ 7.0001 ಬರಬಹುದು. ಅದನ್ನು 7 ಅಂತ ಸರಿಪಡಿಸಿಕೊಳ್ಳುತ್ತದೆ. 7.5 ಬಂದರೆ ಅದು 7 ಆಗಿತ್ತೋ 8 ಆಗಿತ್ತೋ ಹೇಳುವವರು ಯಾರು? ಆಗ ಕಿಟಕಿಯಲ್ಲಿ ‘ರೌಂಡಿಂಗ್ ವಾಸ್ 0.5, ಎಕ್ಸ್‌ಪೆಕ್ಟೆಡ್ ಲೆಸ್ ದ್ಯಾನ್ 0.4’ ಅಂತ ಬರೆದು ಆ ವರ್ಕರ್ (ಟೆಸ್ಟ್ ಲೆಕ್ಕ ಮಾಡುವ ಒಂದು ಎಳೆ) ನಿಂತುಬಿಡುತ್ತದೆ. ಉಳಿದ ವರ್ಕರ್‌ಗಳು ಓಡುತ್ತಲೇ ಇರುತ್ತವೆ, ವಿಂಡೋಸ್ ಕೂಡ ಆರಾಮಾಗಿ ನಡೆಯುತ್ತಿರುತ್ತದೆ. ನೀಲಿ ಪರದೆ ಬರಲಿಲ್ಲ, ಹಾಗಾದರೆ ಎಲ್ಲ ಸರಿ ಇದೆ ಅಂದುಕೊಳ್ಳುವವರಿಗೆ ನಾನು ಈ ಒಂದು ಸಾಲನ್ನು ತೋರಿಸುತ್ತೇನೆ. ನಿಮ್ಮ ಹಸಿರು ಚೌಕಗಳೂ ಹೀಗೆಯೇ ಸದ್ದಿಲ್ಲದೆ ಬಂದವು.

ಟೆಸ್ಟ್ ಮಾಡುವಾಗ ಮೊದಲು ರ‍್ಯಾಮ್ ನೋಡಿ. ಮೆಮ್‌ಟೆಸ್ಟ್86+ ಅನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಬೂಟ್ ಮಾಡಿ. ಒಂದೇ ಒಂದು ಕೆಂಪು ಸಾಲು ಬಂದರೂ ಪ್ರೊಸೆಸರ್ ಕಡೆ ಹೋಗುವುದೇ ಬೇಡ, ಮೊದಲು ರ‍್ಯಾಮ್ ಸರಿಪಡಿಸಿ. ಆಮೇಲೆ ಪ್ರೈಮ್95ರ ಸ್ಮಾಲ್ ಎಫ್‌ಎಫ್‌ಟಿ, ಅಂದರೆ ಪ್ರೊಸೆಸರನ್ನೇ ಹೆಚ್ಚು ಬಿಸಿ ಮಾಡುವ ಟೆಸ್ಟ್. ಪಕ್ಕದಲ್ಲಿ ಎಚ್‌ಡಬ್ಲ್ಯುಇನ್ಫೊ ತೆರೆದಿಟ್ಟು ಉಷ್ಣತೆ ನೋಡುತ್ತಿರಿ. 90 ದಾಟಿದರೆ ನಿಲ್ಲಿಸಿ, ವೋಲ್ಟೇಜ್ ಇಳಿಸಿ. ಅದು ಪಾಸಾದರೆ ರ‍್ಯಾಮನ್ನೂ ಜೊತೆಗೆ ದುಡಿಸುವ ಬ್ಲೆಂಡ್ ಟೆಸ್ಟನ್ನು ರಾತ್ರಿಯಿಡೀ ಓಡಲು ಬಿಡಿ. ಸ್ಮಾಲ್ ಎಫ್‌ಎಫ್‌ಟಿಯನ್ನು ಮಾತ್ರ ಮಧ್ಯಾಹ್ನ ಎರಡರಿಂದ ಐದರ ನಡುವೆ, ನೀವು ಎಡಿಟಿಂಗ್‌ಗೆ ಕೂರುವ ಅದೇ ಕೋಣೆಯಲ್ಲಿ ಮಾಡಿ. ಏಪ್ರಿಲ್, ಮೇ ತಿಂಗಳಲ್ಲಿ ಪಾಸಾದದ್ದು ವರ್ಷವಿಡೀ ನಡೆಯುತ್ತದೆ.

ಇನ್ನು ಆ 4.7ರ ಲೆಕ್ಕ ನೋಡಿ. ವೋಲ್ಟೇಜ್ ಏರಿದರೆ ಬಿಸಿ ಅದರ ವರ್ಗದಷ್ಟು ಏರುತ್ತದೆ, ವೇಗ ಏರಿದರೆ ಅಷ್ಟೇ ಪಟ್ಟು ಏರುತ್ತದೆ. 1.25ರಿಂದ 1.35ಕ್ಕೆ ಹೋದದ್ದು, 4.6ರಿಂದ 4.7ಕ್ಕೆ ಹೋದದ್ದು ಎರಡೂ ಸೇರಿ ಬಿಸಿ ಸುಮಾರು ಶೇ. 19 ಜಾಸ್ತಿಯಾಯಿತು. ಸಿಕ್ಕಿದ ವೇಗ ಶೇ. 2. ಒಂದು ಗಂಟೆಯ ಎಕ್ಸ್‌ಪೋರ್ಟ್‌ನಲ್ಲಿ ಉಳಿಯುವುದು ಒಂದು ಚಿಲ್ಲರೆ ನಿಮಿಷ. ನಿಮ್ಮ ಕೆಲಸಕ್ಕೆ ಇದು ಬೇಡ ಅಂತಲೇ ನಾನು ಹೇಳುವುದು. ಡೀಫಾಲ್ಟ್‌ನಲ್ಲಿ ಬಿಡಿ, ದುಡ್ಡು ಹಾಕುವುದಿದ್ದರೆ ಒಳ್ಳೆಯ ಕೂಲರ್‌ಗೆ ಹಾಕಿ.

ಪ್ರಶ್ನೆ: ನನ್ನದೂ 5600ಎಕ್ಸೇ. ಪಿಬಿಒ (ಪ್ರೊಸೆಸರ್ ತಾನೇ ವೇಗ ಏರಿಸಿಕೊಳ್ಳುವ ಮಿತಿಯನ್ನು ಸಡಿಲಿಸುವ ಆಯ್ಕೆ) ಆನ್ ಮಾಡಿ +200 ಮೆಗಾಹರ್ಟ್ಸ್ ಕೊಟ್ಟಿದ್ದೇನೆ, ಕರ್ವ್ ಆಪ್ಟಿಮೈಸರ್ (ಕೋರ್‌ಗೆ ಕೊಡುವ ವೋಲ್ಟೇಜನ್ನು ಹೆಚ್ಚುಕಮ್ಮಿ ಮಾಡುವ ಆಯ್ಕೆ) ಎಲ್ಲ ಕೋರ್‌ಗೂ -30. ಪ್ರೈಮ್95 ರಾತ್ರಿಯಿಡೀ ಪಾಸಾಗಿದೆ. ಆದರೆ ಬೆಳಿಗ್ಗೆ ಸುಮ್ನೆ ಬ್ರೌಸರ್ ತೆರೆದಿಟ್ಟಾಗ ಪಟ್ಟಂತ ರೀಸ್ಟಾರ್ಟ್ ಆಗುತ್ತದೆ. (ಸಿರ್ಸಿ)

ಉತ್ತರ: ಹೊನ್ನಾವರದವರ ತೊಂದರೆಗೆ ನಿಮ್ಮದು ಪೂರಾ ಉಲ್ಟಾ. ಎಲ್ಲ ಕೋರ್‌ಗಳೂ ದುಡಿಯುವಾಗ ಪ್ರೊಸೆಸರ್ ಮೇಲಿನ ತುದಿಯ ವೇಗಕ್ಕೆ ಹೋಗುವುದೇ ಇಲ್ಲ. ಕೆಲಸ ಕಮ್ಮಿ ಇದ್ದಾಗ ಒಂದೇ ಕೋರ್ ಒಂದು ಕ್ಷಣಕ್ಕೆ 4.8ರ ಆಸುಪಾಸಿಗೆ ಹಾರುತ್ತದೆ. ಅಲ್ಲಿ ಅದಕ್ಕೆ ಬೇಕಾದ ವೋಲ್ಟೇಜನ್ನು ನಿಮ್ಮ -30 ಕಿತ್ತುಕೊಂಡಿದೆ. ಕರ್ವ್ ಆಪ್ಟಿಮೈಸರ್‌ನ ಒಂದು ಅಂಕೆ ಅಂದರೆ ಸುಮಾರು 3ರಿಂದ 5 ಮಿಲಿವೋಲ್ಟ್. ಮೂವತ್ತಕ್ಕೆ ಲೆಕ್ಕ ಹಾಕಿ ನೋಡಿ. ಚಿಪ್ ತಂಪಾಗಿದ್ದಷ್ಟೂ ರೈಜೆನ್ ಇನ್ನೂ ಮೇಲಕ್ಕೆ ಹೋಗಲು ನೋಡುತ್ತದೆ. ಹಾಗಾಗಿ ಸಿರ್ಸಿಯ ಚಳಿಯ ಬೆಳಿಗ್ಗೆ, ಯಂತ್ರ ಆಗಷ್ಟೇ ಆನ್ ಆದ ಹೊತ್ತು, ನಿಮಗೆ ಅಪಾಯದ ಸಮಯ. ಕರಾವಳಿಯವರು ಮಧ್ಯಾಹ್ನ ಟೆಸ್ಟ್ ಮಾಡಲಿ, ನೀವು ಬೆಳಿಗ್ಗೆ ಮಾಡಿ.

ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆಯಿರಿ. ಸಿಸ್ಟಮ್ ಲಾಗ್‌ನಲ್ಲಿ ಡಬ್ಲ್ಯುಎಚ್‌ಇಎ-ಲಾಗರ್ ಅನ್ನುವ ಹೆಸರಲ್ಲಿ 18ನೇ ನಂಬರಿನ ಎರರ್ ಇದೆಯಾ ನೋಡಿ. ಅದರ ಒಳಗೆ ಎಪಿಐಸಿ ಐಡಿ ಅಂತ ಒಂದು ಅಂಕೆ ಇರುತ್ತದೆ. ಪ್ರತಿ ಕೋರ್‌ಗೂ ಎರಡು ಅಂಕೆ: 0 ಮತ್ತು 1 ಮೊದಲ ಕೋರ್, 2 ಮತ್ತು 3 ಎರಡನೆಯದು, ಹೀಗೆ. ಪ್ರತಿ ಸಲವೂ ಅದೇ ಅಂಕೆ ಬಂದರೆ ಕಳ್ಳ ಸಿಕ್ಕ ಹಾಗೆ. ಆ ಕೋರ್ ಒಂದನ್ನೇ -15ಕ್ಕೆ ತನ್ನಿ. ಹೆಚ್ಚಾಗಿ ತೊಂದರೆ ಕೊಡುವುದು ಎಎಂಡಿಯ ರೈಜೆನ್ ಮಾಸ್ಟರ್ ಸಾಫ್ಟ್‌ವೇರ್‌ನಲ್ಲಿ ನಕ್ಷತ್ರದ ಗುರುತು ಇರುವ ಉತ್ತಮ ಕೋರ್‌ಗಳೇ, ಯಾಕೆಂದರೆ ಮೇಲಕ್ಕೆ ಹಾರುವುದು ಅವೇ. ಆಮೇಲೆ ಕೋರ್‌ಸೈಕ್ಲರ್ ಓಡಿಸಿ. ಅದು ಒಂದೊಂದೇ ಕೋರ್ ಮೇಲೆ ಪ್ರೈಮ್95 ಹಚ್ಚುತ್ತದೆ, ಯಾವ ಕೋರ್ ತಪ್ಪಿತು ಅಂತಲೂ ಹೇಳುತ್ತದೆ. +200 ಅನ್ನೂ ತೆಗೆದುಬಿಡಿ. ಬ್ರೌಸರ್‌ಗೆ ಅದು ಯಾಕೆ ಬೇಕು?

ಪ್ರಶ್ನೆ: ಐ5-12400, ಎಚ್610 ಬೋರ್ಡ್. ಓವರ್‌ಕ್ಲಾಕ್ ಆಯ್ಕೆಯೇ ಕಾಣುತ್ತಿಲ್ಲ. (ಅಂಕೋಲಾ)

ಉತ್ತರ: ಇರುವುದಿಲ್ಲ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಕೆ’ ಇರುವ ಪ್ರೊಸೆಸರ್, ‘ಝಡ್’ ಸಾಲಿನ ಬೋರ್ಡ್ ಎರಡೂ ಬೇಕು. ಅದರ ಹಿಂದೆ ಬೀಳಬೇಡಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಪುಟ ತೆರೆದು ರ‍್ಯಾಮ್ ಎಷ್ಟು ವೇಗದಲ್ಲಿದೆ ನೋಡಿ. ಒಂದೇ ಸ್ಟಿಕ್ ಇದ್ದರೆ ಅದೇ ತರಹದ ಇನ್ನೊಂದು ಹಾಕಿ. ಡ್ಯುಯಲ್ ಚಾನೆಲ್ (ಎರಡೂ ಸ್ಟಿಕ್ ಒಟ್ಟಿಗೆ ದುಡಿಯುವುದು) ಆದರೆ ಸಿಗುವ ಲಾಭ ಕಣ್ಣಿಗೆ ಕಾಣುತ್ತದೆ.

ಪ್ರಶ್ನೆ: ಮನೆ ಸಮುದ್ರದ ಹತ್ತಿರ. ಎ520 ಬೋರ್ಡ್ ಇದೆ, ವಿಆರ್‌ಎಂ (ಪ್ರೊಸೆಸರ್‌ಗೆ ಕರೆಂಟ್ ಕೊಡುವ ಭಾಗ) ಮೇಲೆ ಹೀಟ್‌ಸಿಂಕ್ ಇಲ್ಲ. ಹಳೆಯದು ರೈಜೆನ್ 5800ಎಕ್ಸ್ ಸಿಗುತ್ತಿದೆ. ಹಾಕಿ ಓವರ್‌ಕ್ಲಾಕ್ ಮಾಡಬಹುದಾ? ಬೋರ್ಡ್‌ನಲ್ಲಿ ಅಲ್ಲಲ್ಲಿ ಹಸಿರು ಕಟ್ಟಿದೆ. (ಭಟ್ಕಳ)

ಉತ್ತರ: ಎ520ಯಲ್ಲಿ ಪ್ರೊಸೆಸರ್ ಓವರ್‌ಕ್ಲಾಕಿಂಗ್ ಇಲ್ಲ, ಅಲ್ಲಿಗೆ ಅದು ಮುಗಿಯಿತು. ಆದರೆ 5800ಎಕ್ಸ್ ಡೀಫಾಲ್ಟ್‌ನಲ್ಲೇ 142 ವಾಟ್‌ವರೆಗೆ ಎಳೆಯುತ್ತದೆ, ಎಡೆಬಿಡದೆ 95 ಆಂಪಿಯರ್‌ವರೆಗೆ. 12 ವೋಲ್ಟನ್ನು ಇಳಿಸಿ ಇಷ್ಟು ಕರೆಂಟ್ ಕೊಡುವುದು ಸಾಕೆಟ್ ಪಕ್ಕದ ಆ ಪುಟ್ಟ ಕಪ್ಪು ಚೌಕಗಳು. ಮೈಮೇಲೆ ಹೀಟ್‌ಸಿಂಕ್ ಇಲ್ಲದೆ, ಕರಾವಳಿಯ ಬೇಸಿಗೆಯಲ್ಲಿ, ಅವುಗಳಿಗೆ ಇದು ಅತಿಯಾಯಿತು. ಟೆಸ್ಟ್ ನಡುವೆ ಪ್ರೊಸೆಸರ್ ವೇಗ ಏಕಾಏಕಿ ಒಂದು ಗಿಗಾಹರ್ಟ್ಸ್‌ಗಿಂತ ಕೆಳಗೆ ಬಿದ್ದು ಮತ್ತೆ ಎದ್ದರೆ, ವಿಆರ್‌ಎಂ ಬಿಸಿಯಾಗಿ ಸಾಕು ಸಾಕು ಅನ್ನುತ್ತಿದೆ ಅಂತ ತಿಳಿಯಿರಿ. ಕಮ್ಮಿ ಬೆಲೆಗೆ ಸಿಕ್ಕರೆ ತಗೊಳ್ಳಿ, ಬಯಾಸ್‌ನಲ್ಲಿ 65 ವಾಟ್ ಇಕೋ ಮೋಡ್ ಹಾಕಿ. ಆಗ ಮಿತಿ 88 ವಾಟ್‌ಗೆ ಇಳಿಯುತ್ತದೆ. ವೇಗದಲ್ಲಿ ಕಳೆದುಕೊಳ್ಳುವುದು ಸ್ವಲ್ಪ.

ನನಗೆ ಜಾಸ್ತಿ ಚಿಂತೆ ಆ ಹಸಿರಿನದು. ಕಾರವಾರದ ನನ್ನ ಅಂಗಡಿಗೆ ಮಳೆಗಾಲ ಕಳೆದ ಮೇಲೆ ಬರುವ ಬೋರ್ಡ್‌ಗಳಲ್ಲಿ ಇದನ್ನು ನೋಡುತ್ತಲೇ ಇರುತ್ತೇನೆ. ಲೆನ್ಸ್ ಹಿಡಿದು ನೋಡಿದರೆ ರ‍್ಯಾಮ್ ಸ್ಲಾಟ್‌ನ ಬುಡದಲ್ಲಿ, ಚಿಪ್ ಕಾಲುಗಳ ಸಂದಿಯಲ್ಲಿ ಬಿಳಿಹಸಿರು ಪುಡಿ. ಉಪ್ಪುಗಾಳಿ ತಂದ ಉಪ್ಪು ತಾಮ್ರವನ್ನು ತಿಂದು ಆದದ್ದು ಅದು. ಗಾಳಿಯ ತೇವ ಶೇ. 75 ದಾಟಿದರೆ ಉಪ್ಪು ತಾನೇ ನೀರು ಹೀರಿ ಕರಗುತ್ತದೆ. ನಮ್ಮ ಜೂನ್, ಜುಲೈ ತಿಂಗಳಲ್ಲಿ ತೇವ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಆ ಉಪ್ಪುನೀರಿನ ಪದರದಲ್ಲಿ ಕರೆಂಟ್ ಸೋರುತ್ತದೆ, ತಾಮ್ರ ತಿಂದುಹೋಗುತ್ತದೆ. ಇಂಥ ಬೋರ್ಡ್ ಮೇಲೆ ಯಾವ ಸ್ಟೆಬಿಲಿಟಿ ಟೆಸ್ಟ್ ಮಾಡಿದರೂ ಪ್ರಯೋಜನ ಇಲ್ಲ. ಇವತ್ತು ಪಾಸ್, ಮಳೆ ಹಿಡಿದ ದಿನ ಫೇಲ್.

ಬೋರ್ಡ್ ಬಿಚ್ಚಿ, ಅದರ ಮೇಲಿನ ನಾಣ್ಯದಂಥ ಸಿಮಾಸ್ ಬ್ಯಾಟರಿ ತೆಗೆಯಿರಿ. 99 ಶೇಕಡದ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಮೆತ್ತನೆಯ ಬ್ರಷ್‌ನಿಂದ ಹಗುರವಾಗಿ ತೊಳೆಯಿರಿ, ಒಂದು ಇಡೀ ದಿನ ಒಣಗಲು ಬಿಡಿ. ರ‍್ಯಾಮ್‌ನ ಚಿನ್ನದ ಪಟ್ಟಿಗೆ ರಬ್ಬರ್ ಹಾಕಿ ಉಜ್ಜುವ ಅಭ್ಯಾಸ ಬಿಡಿ, ಆ ಲೇಪ ತೀರಾ ತೆಳು. ಮಳೆಗಾಲದಲ್ಲಿ ಯಂತ್ರವನ್ನು ತಿಂಗಳುಗಟ್ಟಲೆ ಮುಚ್ಚಿಡುವುದಕ್ಕಿಂತ ದಿನಾ ಸ್ವಲ್ಪ ಹೊತ್ತು ಓಡಿಸುವುದು ಒಳ್ಳೆಯದು. ಒಳಗಿನ ಬಿಸಿಗೆ ತೇವ ಆರುತ್ತದೆ.

ಪ್ರಶ್ನೆ: ರ‍್ಯಾಮ್ ವೇಗ ಏರಿಸಿದ ಮೇಲೆ ಪರದೆ ಕಪ್ಪು. ಬೋರ್ಡ್ ಸತ್ತಿತಾ? (ಕಾರವಾರ)

ಉತ್ತರ: ಹೆದರಬೇಡಿ. ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು, ಬೋರ್ಡ್ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿ ತೆಗೆದು ಕೆಲ ನಿಮಿಷ ಬಿಡಿ. ಕ್ಲಿಯರ್ ಸಿಮಾಸ್ ಜಂಪರ್ (ಬಯಾಸ್ ಸೆಟ್ಟಿಂಗ್ ಅಳಿಸುವ ಪಿನ್‌ಗಳು) ಇದ್ದರೆ ಅದನ್ನೇ ಬಳಸಿ. ಎಲ್ಲ ಡೀಫಾಲ್ಟ್‌ಗೆ ಬರುತ್ತದೆ. ನಿಮ್ಮದು ಡಿಡಿಆರ್5 ಆಗಿದ್ದರೆ ಮೊದಲು ಸ್ವಲ್ಪ ಕಾಯಿರಿ. ರ‍್ಯಾಮ್ ಜೊತೆ ಹೊಂದಿಕೊಳ್ಳಲು ಬೋರ್ಡ್‌ಗೆ ಮೊದಲ ಸಲ ಕೆಲವು ನಿಮಿಷ ಬೇಕಾಗಬಹುದು. ಎಷ್ಟೋ ಜನ ಅಷ್ಟರಲ್ಲೇ ಸ್ವಿಚ್ ಆರಿಸಿಬಿಡುತ್ತಾರೆ.

ಪ್ರಶ್ನೆ: ಇಂಟೆಲ್ 13, 14ನೇ ತಲೆಮಾರಿನ ಪ್ರೊಸೆಸರ್‌ಗಳು ಓವರ್‌ಕ್ಲಾಕ್ ಮಾಡದೇ ಕೆಡುತ್ತವೆ ಅನ್ನುವುದು ನಿಜವಾ? ಸೆಕೆಂಡ್‌ಹ್ಯಾಂಡ್ ತಗೊಳ್ಳಬಹುದಾ? (ಕುಮಟಾ)

ಉತ್ತರ: ನಿಜ, ಇಂಟೆಲ್ 2024ರಲ್ಲಿ ಒಪ್ಪಿಕೊಂಡಿದೆ. ಪ್ರೊಸೆಸರ್ ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳುತ್ತಿತ್ತು, ಅದರಿಂದ ಒಳಗೆ ಸವೆದು ಆಮೇಲೆ ಮಾಮೂಲಿ ವೇಗಕ್ಕೂ ಲೆಕ್ಕ ತಪ್ಪುತ್ತಿತ್ತು. ಆಗಸ್ಟ್‌ನಲ್ಲಿ 0ಎಕ್ಸ್129, ಮುಂದಿನ ತಿಂಗಳು 0ಎಕ್ಸ್12ಬಿ ಅನ್ನುವ ಮೈಕ್ರೊಕೋಡ್ (ಬಯಾಸ್ ಜೊತೆ ಬರುವ, ಪ್ರೊಸೆಸರ್ ಒಳಗಿನ ಸೂಚನೆಗಳ ತಿದ್ದುಪಡಿ) ಬಂದವು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿದರು. ಹೊಸ ಬಯಾಸ್ ಮುಂದಿನ ಸವೆತ ತಡೆಯುತ್ತದೆ, ಸವೆದದ್ದನ್ನು ಸರಿಮಾಡುವುದಿಲ್ಲ. ತಗೊಳ್ಳುವುದಾದರೆ ಅವರ ಮುಂದೆಯೇ ಟೆಸ್ಟ್ ಮಾಡಿಸಿ. 7-ಜಿಪ್‌ನಲ್ಲಿ ದೊಡ್ಡದೊಂದು ಫೋಲ್ಡರ್ ಕಟ್ಟಿ ‘ಟೆಸ್ಟ್’ ಒತ್ತಿ, ಸಿಆರ್‌ಸಿ (ಫೈಲ್ ಕೆಟ್ಟಿದೆಯಾ ಅಂತ ನೋಡುವ ಲೆಕ್ಕ) ತಪ್ಪು ತೋರಿಸಿದರೆ ಬಿಟ್ಟುಬಿಡಿ. ಬಿಲ್ ಇಲ್ಲದ್ದು ಬೇಡವೇ ಬೇಡ.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತದೆ. ಟೆಸ್ಟ್ ನಡುವೆ ಹೋದರೆ ಪ್ರೊಸೆಸರ್ ಹಾಳಾಗುತ್ತದಾ? (ಸಿದ್ದಾಪುರ)

ಉತ್ತರ: ಪ್ರೊಸೆಸರ್‌ಗೆ ಏನೂ ಆಗುವುದಿಲ್ಲ. ಆ ಹೊತ್ತಲ್ಲಿ ಬರೆಯುತ್ತಿದ್ದ ಫೈಲ್, ಕೆಲವೊಮ್ಮೆ ವಿಂಡೋಸೇ ಕೆಡಬಹುದು. ಅದಕ್ಕೇ ರ‍್ಯಾಮ್ ಟೆಸ್ಟ್ ಮಾಡುವಾಗ ಎಸ್‌ಎಸ್‌ಡಿ ಬಿಚ್ಚಿಟ್ಟು, ಬರೀ ಪೆನ್‌ಡ್ರೈವ್‌ನಿಂದ ಓಡಿಸಿ. ಕಳೆದುಕೊಳ್ಳಲು ಏನೂ ಇರುವುದಿಲ್ಲ. ಯುಪಿಎಸ್ ಇದ್ದರೆ ಅದರ ಹಿಂದೆ ಬರೆದ ವಾಟ್ ನೋಡಿ. 600 ವಿಎ ಅಂತ ಇದ್ದದ್ದು ಹೆಚ್ಚಾಗಿ 360 ವಾಟ್ ಅಷ್ಟೇ. ಗ್ರಾಫಿಕ್ಸ್ ಕಾರ್ಡನ್ನೂ ಜೊತೆಗೆ ದುಡಿಸಿದರೆ ಕರೆಂಟ್ ಹೋದ ತಕ್ಷಣ ಅದು ಕೂಗಿ ಕೈಬಿಡಬಹುದು.

ಬಯಾಸ್ ಅಪ್‌ಡೇಟನ್ನು ಮಾತ್ರ ಗುಡುಗು ಸಿಡಿಲಿನ ದಿನ ಮಾಡಬೇಡಿ. ನಡುವೆ ಕರೆಂಟ್ ಹೋದರೆ ಬೋರ್ಡ್ ಏಳುವುದೇ ಇಲ್ಲ. ಹೊಸ ಬೋರ್ಡ್ ತಗೊಳ್ಳುವ ಯೋಚನೆ ಇದ್ದರೆ ಹಿಂಭಾಗದಲ್ಲಿ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವುದನ್ನೇ ಕೇಳಿ. ಬಯಾಸ್ ಕೆಟ್ಟರೂ ಪೆನ್‌ಡ್ರೈವ್ ಚುಚ್ಚಿ ಅದನ್ನು ಒತ್ತಿದರೆ ಮತ್ತೆ ಹಾಕಿಕೊಳ್ಳಬಹುದು.