‘ಯಾವ ಕೆಲಸ ಆದ್ರೂ ಕೊಡಿ’ ಅಂತ ಬರೆಯಬೇಡಿ

ಪ್ರಶ್ನೆ: ಗಿರಾಕಿಯಂತೆ ಅಂಗಡಿಗೆ ಹೋಗಿ, ಸೇವೆ ಹೇಗಿತ್ತೆಂದು ಗುಟ್ಟಾಗಿ ವರದಿ ಕೊಡುವ ‘ಮಿಸ್ಟರಿ ಶಾಪಿಂಗ್’ ಕೆಲಸಕ್ಕೆ ಮೂರು ತಿಂಗಳ ಹಿಂದೆ ಎರಡು ಕಂಪನಿಗಳಲ್ಲಿ ಹೆಸರು ಕೊಟ್ಟಿದ್ದೇನೆ. ಕೆಲಸ ಹಂಚುವ ಶೆಡ್ಯೂಲರ್‌ಗೆ ‘ಯಾವ ಕೆಲಸ ಆದ್ರೂ ಕೊಡಿ’ ಎಂದು ನಾಲ್ಕು ಸಲ ಮೇಲ್ ಮಾಡಿದೆ. ಉತ್ತರವೇ ಇಲ್ಲ. ಈಗ ಇನ್ಯಾರೋ ವಾಟ್ಸ್‌ಆ್ಯಪ್‌ನಲ್ಲಿ, 1,500 ರೂಪಾಯಿ ಕಟ್ಟಿದರೆ ವಾರಕ್ಕೆ ಐದು ಕೆಲಸ ಗ್ಯಾರಂಟಿ ಅನ್ನುತ್ತಿದ್ದಾರೆ. ಕಟ್ಟಲೇ?
– ಗೃಹಿಣಿ, ದಾವಣಗೆರೆ

ಉತ್ತರ: ಕಟ್ಟಬೇಡಿ. ಈ ಕೆಲಸದಲ್ಲಿ ದುಡ್ಡು ಅವರು ನಮಗೆ ಕೊಡಬೇಕು, ನಾವು ಅವರಿಗಲ್ಲ.

ಇನ್ನು ಆ ನಾಲ್ಕು ಮೇಲ್. ಶೆಡ್ಯೂಲರ್ ಪಾಡು ಏನು ಗೊತ್ತಾ? ಅವರ ಮುಂದೆ ಅಂಗಡಿಗಳ ಉದ್ದನೆಯ ಪಟ್ಟಿ ಇರುತ್ತದೆ. ಗಡುವಿನೊಳಗೆ ಪ್ರತಿಯೊಂದಕ್ಕೂ ಯಾರಾದರೂ ಹೋಗಿ ಬಂದಿರಬೇಕು. ‘ಯಾವ ಕೆಲಸ ಆದ್ರೂ’ ಅಂದವರನ್ನು ಅವರು ಎಲ್ಲಿಗೆ ಕಳಿಸುವುದು? ನೀವು ದಾವಣಗೆರೆಯವರು ಅಂತಲೂ ಅದರಲ್ಲಿ ಬರೆದಿರಲಿಲ್ಲ, ಅಲ್ವಾ?

ಹೀಗೆ ಬರೆಯಿರಿ: ‘ಪಿ.ಜೆ. ಬಡಾವಣೆಯ ಬಟ್ಟೆ ಅಂಗಡಿಗೆ ಅರ್ಜಿ ಹಾಕಿದ್ದೇನೆ. ಶನಿವಾರ ಸಂಜೆ 5ರಿಂದ 8ರೊಳಗೆ ಹೋಗಬಲ್ಲೆ. ವರದಿ ಅದೇ ರಾತ್ರಿ ಕಳಿಸುತ್ತೇನೆ. ಹರಿಹರಕ್ಕೂ ಹೋಗಬಲ್ಲೆ.’ ಇಷ್ಟು ಸಾಕು. ಮನೆ ಕಷ್ಟ ಬರೆಯಬೇಡಿ, ಪಾಪ, ಓದಲು ಅವರಿಗೆ ಪುರುಸೊತ್ತು ಇರುವುದಿಲ್ಲ. ಹರಿಹರ ಸೇರಿಸಿದ್ದು ಸುಮ್ನೆ ಅಲ್ಲ. ದೊಡ್ಡ ಊರಿನ ಮಾಲ್‌ಗೆ ಜನ ಮುಗಿಬೀಳುತ್ತಾರೆ. ಸಣ್ಣ ಊರಿನ ಪೆಟ್ರೋಲ್ ಬಂಕ್‌ಗೆ ಒಬ್ಬರೂ ಸಿಗುವುದಿಲ್ಲ. ಗಡುವು ಹತ್ತಿರ ಬಂದಾಗ ಬಸ್ ಚಾರ್ಜು ಕೇಳಿದರೂ ಕೊಡುವುದುಂಟು. ಆದರೆ ಒಪ್ಪಿಕೊಳ್ಳುವ ಮೊದಲೇ ಕೇಳಬೇಕು. ಹೋಗಿಬಂದ ಮೇಲೆ ಕೇಳಿದರೆ ಜಗಳವೇ.

ಒಪ್ಪಿಕೊಂಡ ಮೇಲೆ ಹೋಗಲಾಗದಿದ್ದರೆ? ನಾನು ಅದರಲ್ಲಿ ಚೆನ್ನಾಗಿ ಪೆಟ್ಟು ತಿಂದವಳು. ತುಮಕೂರಿನ ಒಂದು ಕಾರ್ ಶೋರೂಮ್‌ಗೆ ಹೋಗುತ್ತೇನೆ ಅಂದಿದ್ದೆ. ಹಿಂದಿನ ರಾತ್ರಿ ಮಗನಿಗೆ ಜ್ವರ. ಹೇಳಲು ಮುಜುಗರವಾಗಿ ಫೋನೇ ಎತ್ತಲಿಲ್ಲ. ಆರು ತಿಂಗಳು ಆ ಶೆಡ್ಯೂಲರ್ ಕಡೆಯಿಂದ ಒಂದು ಕೆಲಸವೂ ಬರಲಿಲ್ಲ. ಕೊನೆಗೆ ‘ತಪ್ಪಾಯಿತು’ ಅಂತ ಬರೆದೆ. ‘ಬೆಳಿಗ್ಗೆ ಒಂದು ಮೆಸೇಜ್ ಹಾಕಿದ್ದರೆ ಬೇರೆಯವರನ್ನು ಕಳಿಸುತ್ತಿದ್ದೆ ಮೇಡಂ, ರಾತ್ರಿವರೆಗೂ ಕಾದೆ’ ಅಂದರು. ಮರುವಾರ ಶಿರಾ ಹತ್ತಿರದ ಬಂಕ್ ಕೊಟ್ಟರು. ಯಾರೂ ಒಪ್ಪದ ಬಂಕ್ ಅದು. ಹೂಂ ಅಂದೆ.

ವರದಿ ಕಳಿಸಿದ ಮೇಲೂ ಒಂದೆರಡು ದಿನ ಫೋನ್, ಮೇಲ್ ನೋಡುತ್ತಿರಿ. ಬಿಲ್ ಫೋಟೊ ಮಸುಕಾಗಿದೆ, ಹೊರಗೆ ಬಂದ ಟೈಮ್ ಬರೆದಿಲ್ಲ ಅಂತ ಕೇಳುತ್ತಾರೆ. ತಡ ಮಾಡಿದರೆ ವರದಿ ತಿರಸ್ಕಾರವಾಗಬಹುದು, ಆಗ ಖರ್ಚು ಮಾಡಿದ್ದೂ ಕೈಗೆ ಬರುವುದಿಲ್ಲ. ಹಣಕ್ಕೆ ತಿಂಗಳು, ಎರಡು ತಿಂಗಳು ಕಾಯಬೇಕಾಗಬಹುದು. ಮೂರನೇ ದಿನಕ್ಕೇ ವಿಚಾರಿಸಬೇಡಿ.

ಇದು ಅಚ್ಚಾಗಿ ನಿಮ್ಮ ಕೈ ಸೇರುವಷ್ಟರಲ್ಲಿ ಆ 1,500 ಕಟ್ಟಿಬಿಟ್ಟಿದ್ದರೆ, ಪತ್ರಿಕೆ ಪಕ್ಕಕ್ಕಿಟ್ಟು ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.